ಒಂದು ರೂಪಾಯಿ ಟಿಕೆಟ್ಟಿನ ವಿಮಾನ ಎಲ್ಲಿ ಹೋಯಿತು?

ಹಾಸನ ಜಿಲ್ಲೆಯ ಗೊರೂರು ಅಂದರೆ ನಮಗೆಲ್ಲ ನೆನಪಾಗುವುದು ಹೇಮಾವತಿ ಅಣೆಕಟ್ಟೆ. ಅದೇ ಊರಲ್ಲಿ ಬೆಳೆದವರು ಜಿ.ಆರ್. ಗೋಪಿನಾಥ್. ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು ಕೆಲಸ ಬಿಟ್ಟು ಬಂದು ಹಾಸನ ಜಿಲ್ಲೆಯಲ್ಲೇ ರೇಷ್ಮೆ ಬೆಳೆದರು. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ್ದೂ ಇವರೇ.

ಪುಕ್ಕಟೆ ಊಟವಿಲ್ಲ, ಆಡಂಬರವಿಲ್ಲ. ಹುಬ್ಬಳ್ಳಿಯಂಥ ಊರುಗಳಿಗೂ ಸಣ್ಣ ವಿಮಾನ ಬಂತು. ಆರ್.ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ'ನೇ ಕಂಪನಿಯ ಗುರುತು. ಕೆಲವು ಸೀಟುಗಳಂತೂ ಒಂದು ರೂಪಾಯಿಗೆ, ತೆರಿಗೆ ಬೇರೆ.

ಒಂದು ರೂಪಾಯಿಗೆ ಹೇಗೆ ಗಿಟ್ಟುತ್ತೆ ಅಂತೀರಾ? ಟೊಮೆಟೊ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತೆ. ಸಂಜೆಯಾದರೆ ಸಿಕ್ಕಿದ ಬೆಲೆಗೆ ಕೊಡಬೇಕು. ವಿಮಾನದ ಸೀಟು ಟೊಮೆಟೊಗಿಂತ ಕಡೆ, ಬಾಗಿಲು ಮುಚ್ಚಿದ ಕ್ಷಣಕ್ಕೆ ಅದರ ಬೆಲೆ ಸೊನ್ನೆ. ಹಾಗಾಗಿ ಖಾಲಿ ಹೋಗುವ ಬದಲು ಬಂದಷ್ಟು ಬರಲಿ ಅಂತ ಎಲ್ಲ ಕಂಪನಿಗಳೂ ದರ ಇಳಿಸುತ್ತವೆ.

ಖರ್ಚು ಮಾತ್ರ ಇಳಿಯುವುದಿಲ್ಲ. ವಿಮಾನದ ಬಾಡಿಗೆಯನ್ನು ಡಾಲರಿನಲ್ಲಿ ಕಟ್ಟಬೇಕು. ಇಂಧನದ ಮೇಲೆ ರಾಜ್ಯಗಳ ಮಾರಾಟ ತೆರಿಗೆ ಬೇರೆ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತು.

ಅಷ್ಟರಲ್ಲಿ ಏರ್ ಡೆಕ್ಕನ್ ಕೈ ಬದಲಾಗಿತ್ತು. 2007ರಲ್ಲಿ ವಿಜಯ್ ಮಲ್ಯ ಅವರ ಯುಬಿ ಗುಂಪು 550 ಕೋಟಿ ರೂಪಾಯಿ ಕೊಟ್ಟು ಶೇ. 26ರಷ್ಟು ಪಾಲು ತೆಗೆದುಕೊಂಡಿತು. ಆಗಿನ ನಿಯಮದಂತೆ ವಿದೇಶಕ್ಕೆ ಹಾರಲು ದೇಶದೊಳಗೆ ಐದು ವರ್ಷ ಹಾರಿರಬೇಕಿತ್ತು. 2005ರಲ್ಲಿ ಹುಟ್ಟಿದ ಕಿಂಗ್‌ಫಿಷರ್‌ಗೆ ಆ ವಯಸ್ಸಿರಲಿಲ್ಲ, ಡೆಕ್ಕನ್‌ಗೆ 2008ಕ್ಕೆ ತುಂಬುತ್ತಿತ್ತು. ಆ ವರ್ಷವೇ ಎರಡೂ ಒಂದಾದವು, ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ವಿಮಾನ ಹಾರಿತು. ನಷ್ಟದಲ್ಲಿದ್ದ ಎರಡು ಮನೆ ಕೂಡಿಸಿದರೆ ಲಾಭವಾಗುತ್ತದೆಂದು ಯಾರು ಲೆಕ್ಕ ಹಾಕಿದರೋ!

2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ನಿಂತಿತು. ನೌಕರರಿಗೆ ಅದಕ್ಕೂ ಮೊದಲೇ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಬ್ಯಾಂಕುಗಳ ಬಾಕಿ ಬಡ್ಡಿ ಸೇರಿ ಸುಮಾರು 9,000 ಕೋಟಿಗೆ ಬೆಳೆಯಿತು. ಬೆಳೆಸಾಲಕ್ಕೆ ನೋಟಿಸ್ ಕಂಡ ನಮ್ಮವರಿಗೆ ಈ ಅಂಕಿ ಓದಿದರೆ ಏನನ್ನಿಸುತ್ತದೋ ಬರೆಯಬೇಕಿಲ್ಲ. ಆಮೇಲೆ 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ನಿಂತವು. ಪ್ರಯಾಣಿಕರಿಗೇನೂ ಬರ ಇರಲಿಲ್ಲ.

ಈಗ ಕಲಬುರಗಿ, ಬೀದರ್, ಶಿವಮೊಗ್ಗದಲ್ಲೂ ನಿಲ್ದಾಣಗಳಿವೆ. ನಿಲ್ದಾಣ ಕಟ್ಟುವುದು ಸರ್ಕಾರದ ದುಡ್ಡಲ್ಲಿ, ವಿಮಾನ ಬರುವುದು ಕಂಪನಿಯ ಲೆಕ್ಕದಲ್ಲಿ.

ನಿಮ್ಮೂರಲ್ಲಿ ಯಾರಾದರೂ ಆ ಒಂದು ರೂಪಾಯಿ ಟಿಕೆಟ್ಟಿನಲ್ಲಿ ಹಾರಿದ್ದರೆ ನಮಗೆ ಬರೆಯಿರಿ.