ಬಜೆ ತೇಯ್ದು ಹಚ್ಚಿದರೆ ಉಗ್ಗು ಹೋಗುತ್ತದೆಯೇ?

ಮೂರು ವರ್ಷದ ಮಗು ‘ಅಪ್ಪ’ ಎನ್ನುವ ಬದಲು ‘ಅ-ಅ-ಅಪ್ಪ’ ಎಂದರೆ ಮನೆಯ ಹಿರಿಯರು ಮೊದಲು ಹುಡುಕುವುದು ಬಜೆ ಬೇರನ್ನು. ಅದನ್ನು ತೇಯ್ದು ಜೇನಿನಲ್ಲಿ ಕಲಸಿ ನಾಲಿಗೆಗೆ ಸವರಿದರೆ ಮಾತು ಸಲೀಸಾಗುತ್ತದೆ ಎಂಬುದು ತಲೆಮಾರುಗಳಿಂದ ಬಂದ ನಂಬಿಕೆ. ಅದು ಫಲಿಸದಿದ್ದರೆ ನಾಲಿಗೆಯ ಅಡಿಯ ಪೊರೆ ಕತ್ತರಿಸಿ ಎನ್ನುವವರು ಸಿಗುತ್ತಾರೆ, ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಓದಿಸಿ ಎನ್ನುವವರೂ ಸಿಗುತ್ತಾರೆ. ಕೊನೆಗೆ ‘ಇವನಿಗೆ ಧೈರ್ಯ ಸಾಲದು, ಅಷ್ಟೇ’ ಎಂಬ ತೀರ್ಪು. ಇವುಗಳಲ್ಲಿ ನಿಜ ಎಷ್ಟು ಎಂದು ನೋಡೋಣ.

ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ‘ಕೋತಿ’ ಎನ್ನಲು ‘ತೋತಿ’ ಎನ್ನುವುದು, ‘ರ’ ಬದಲು ‘ಲ’ ಎನ್ನುವುದು ತೊದಲು. ಎಲ್ಲ ಮಕ್ಕಳೂ ಈ ಹಂತ ದಾಟಿಯೇ ಬರುತ್ತಾರೆ. ‘ರ’ ಅಂತೂ ತಡವಾಗಿ ಕೈಗೂಡುವ ಧ್ವನಿಗಳಲ್ಲೊಂದು. ಉಗ್ಗು ಹಾಗಲ್ಲ. ಯಾವ ಪದ ಹೇಳಬೇಕು ಎಂಬುದು ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ, ಆದರೆ ಮೊದಲ ಅಕ್ಷರ ಮತ್ತೆ ಮತ್ತೆ ಬರುತ್ತದೆ, ಇಲ್ಲವೇ ‘ಮ್ಮ್ಮ್’ ಎಂದು ಎಳೆಯುತ್ತದೆ, ಇಲ್ಲವೇ ಬಾಯಿ ತೆರೆದರೂ ಧ್ವನಿಯೇ ಹೊರಡುವುದಿಲ್ಲ. ಆಡುಮಾತಿನಲ್ಲಿ ಎರಡನ್ನೂ ‘ತೊದಲು’ ಎಂದೇ ಕರೆಯುವುದರಿಂದ ಗೊಂದಲ ಶುರುವಾಗುತ್ತದೆ.

ಉಗ್ಗು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2ರಿಂದ 5 ವರ್ಷದೊಳಗೆ, ಮಗು ಪದ ಪದ ಕೂಡಿಸಿ ವಾಕ್ಯ ಕಟ್ಟುವ ಹೊತ್ತಿನಲ್ಲಿ. ಸುಮಾರು ನೂರಕ್ಕೆ 5 ಮಕ್ಕಳಲ್ಲಿ ಇದು ಒಂದಲ್ಲ ಒಂದು ಕಾಲಕ್ಕೆ ಬರುತ್ತದೆ, ಆದರೆ ದೊಡ್ಡವರಲ್ಲಿ ಉಳಿಯುವುದು ನೂರಕ್ಕೆ ಒಬ್ಬರಲ್ಲಿ. ಎಂದರೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ. ಬಜೆಯ ಕೀರ್ತಿಯ ಗುಟ್ಟೂ ಇಲ್ಲೇ ಇದೆ: ಹಚ್ಚಿದ ಮಕ್ಕಳಲ್ಲೂ ಹೋಗುತ್ತದೆ, ಹಚ್ಚದ ಮಕ್ಕಳಲ್ಲೂ ಹೋಗುತ್ತದೆ. ಹಚ್ಚಿದ ಮನೆಯವರು ಮಾತ್ರ ನಾಲ್ಕು ಜನಕ್ಕೆ ಹೇಳುತ್ತಾರೆ.

ಹಚ್ಚಿದರೆ ತೊಂದರೆಯೇನು ಎಂದು ಕೇಳಬಹುದು. ಬಜೆಯಲ್ಲಿ ಬೀಟಾ-ಆಸರೋನ್ ಎಂಬ ರಾಸಾಯನಿಕ ಇದೆ. ಇಲಿಗಳಲ್ಲಿ ಅದು ಗೆಡ್ಡೆ ಉಂಟುಮಾಡಿದ್ದು ಕಂಡ ಮೇಲೆ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಜೇನನ್ನಂತೂ ಒಂದು ವರ್ಷದೊಳಗಿನ ಮಗುವಿಗೆ ಕೊಡಲೇಬಾರದು. ಬೊಟುಲಿಸಂ ಎಂಬ ಅಪಾಯಕಾರಿ ಸೋಂಕು ತಗುಲಬಹುದು.

ಇನ್ನು ನಾಲಿಗೆ. ಉಗ್ಗುವ ಹುಡುಗ ಬೆಳಗಿನ ಪ್ರಾರ್ಥನೆಯನ್ನು ತಡೆಯಿಲ್ಲದೆ ಹಾಡುವುದನ್ನು, ಇಡೀ ತರಗತಿಯೊಂದಿಗೆ ದನಿಗೂಡಿಸಿ ಮಗ್ಗಿ ಒಪ್ಪಿಸುವುದನ್ನು ಯಾವ ಮೇಷ್ಟರಾದರೂ ಗಮನಿಸಿರುತ್ತಾರೆ. ಐದು ನಿಮಿಷದ ನಂತರ ಅದೇ ಹುಡುಗನಿಗೆ ಹಾಜರಿ ಕರೆದಾಗ ‘ಬಂದಿದ್ದೇನೆ’ ಎನ್ನಲಾಗುವುದಿಲ್ಲ. ನಾಲಿಗೆ ಅದೇ, ಪೊರೆಯೂ ಅದೇ. ದೋಷ ನಾಲಿಗೆಯಲ್ಲಿದ್ದರೆ ಹಾಡಿನಲ್ಲೂ ಇರಬೇಕಿತ್ತಲ್ಲ? ಮಾತಿಗೆ ತುಟಿ, ನಾಲಿಗೆ, ಗಂಟಲು, ಉಸಿರು ಎಲ್ಲವನ್ನೂ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಹೊಂದಿಸುವ ಕೆಲಸ ಮಿದುಳಿನದು. ಉಗ್ಗುವವರ ಮಿದುಳಿನ ಎಡಭಾಗದಲ್ಲಿ, ಈ ಕೆಲಸದ ಭಾಗಗಳನ್ನು ಜೋಡಿಸುವ ನರತಂತುಗಳಲ್ಲಿ ಸೂಕ್ಷ್ಮ ವ್ಯತ್ಯಾಸಗಳು ಸ್ಕ್ಯಾನ್‌ಗಳಲ್ಲಿ ಕಂಡಿವೆ. ಕುಟುಂಬಗಳಲ್ಲಿ ಹರಿದುಬರುವ ಗುಣವೂ ಇದಕ್ಕಿದೆ. 2010ರಿಂದೀಚೆಗೆ ಸಂಬಂಧಿಸಿದ ಕೆಲವು ಜೀನ್‌ಗಳೂ ಪತ್ತೆಯಾಗಿವೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂಬ ಎರಡು ಭಾಷೆಗಳಿಂದ ಉಗ್ಗು ಬರುತ್ತದೆ ಎನ್ನಲೂ ಗಟ್ಟಿ ಆಧಾರವಿಲ್ಲ.

ಹಾಗಾದರೆ ಹೆದರಿಕೆಯಿಂದ ಬರುವುದೂ ಸುಳ್ಳೇ? ಇಲ್ಲಿ ಒಂದು ಕಹಿ ಕಥೆ ಹೇಳಬೇಕು. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್, ಸ್ವತಃ ಉಗ್ಗುತ್ತಿದ್ದವರು, ಒಂದು ಪ್ರಯೋಗ ಮಾಡಿಸಿದರು. ಮಗುವನ್ನು ‘ಉಗ್ಗ’ ಎಂದು ಕರೆಯುವುದರಿಂದಲೇ ಉಗ್ಗು ಹುಟ್ಟುತ್ತದೆ ಎಂಬುದು ಅವರ ಊಹೆ. ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಅನಾಥಾಲಯದ 22 ಮಕ್ಕಳನ್ನು ಆರಿಸಿ, ಸರಿಯಾಗಿ ಮಾತಾಡುತ್ತಿದ್ದ ಕೆಲವರಿಗೂ ‘ನಿನ್ನ ಮಾತು ಕೆಟ್ಟಿದೆ, ತಪ್ಪಿಲ್ಲದೆ ಹೇಳಲಾಗದಿದ್ದರೆ ಮಾತಾಡಲೇಬೇಡ’ ಎಂಬ ಧಾಟಿಯಲ್ಲಿ ತಿಂಗಳುಗಟ್ಟಲೆ ಹೇಳಿದರು. ಆ ಮಕ್ಕಳಲ್ಲಿ ನಿಜವಾದ ಉಗ್ಗು ಹುಟ್ಟಿತು ಎಂದು ಆ ದಾಖಲೆಗಳನ್ನು ಮತ್ತೆ ಪರಿಶೀಲಿಸಿದವರಿಗೆ ಕಾಣಲಿಲ್ಲ. ಆದರೆ ಮಕ್ಕಳು ಮಾತನ್ನೇ ಬಿಟ್ಟರು, ಮುದುಡಿದರು. ಆ ನೋವು ಕೆಲವರಿಗೆ ಮುಪ್ಪಿನವರೆಗೂ ಉಳಿಯಿತು. 2007ರಲ್ಲಿ ಅಯೋವಾ ರಾಜ್ಯ 9,25,000 ಡಾಲರ್ ಪರಿಹಾರ ಕೊಟ್ಟಿತು. ಬೈಗುಳದಿಂದ ಉಗ್ಗು ಹುಟ್ಟುವುದಿಲ್ಲ ನಿಜ, ಆದರೆ ಅದು ಮಗುವಿನ ಬಾಯಿ ಮುಚ್ಚಿಸಬಲ್ಲದು. ನಮ್ಮ ಎಷ್ಟೋ ತರಗತಿಗಳಲ್ಲಿ ಇಂದಿಗೂ ಯಾವ ವಿಜ್ಞಾನಿಯೂ ಇಲ್ಲದೆ ಈ ಪ್ರಯೋಗ ನಡೆಯುತ್ತಲೇ ಇದೆ.

‘ನಿಧಾನವಾಗಿ ಹೇಳು’, ‘ಉಸಿರೆಳೆದುಕೊಂಡು ಹೇಳು’ ಎಂಬ ಒಳ್ಳೆಯ ಮನಸ್ಸಿನ ಸಲಹೆಗಳೂ ಹೆಚ್ಚು ನೆರವಾಗುವುದಿಲ್ಲ. ಮಗುವಿಗೆ ಕೇಳಿಸುವುದು ‘ನೀನು ತಪ್ಪಾಗಿ ಹೇಳಿದೆ’ ಎಂದಷ್ಟೇ. ಅದರ ಬದಲು ನೀವೇ ನಿಧಾನವಾಗಿ ಮಾತಾಡಿ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಬೇಡಿ. ಸಿಕ್ಕಿಕೊಂಡ ಪದವನ್ನು ನೀವು ಮುಗಿಸಿಕೊಡಬೇಡಿ. ಮುಖ ನೋಡುತ್ತಾ ಕಾಯಿರಿ, ಮಗು ಏನು ಹೇಳಿತೋ ಅದಕ್ಕೆ ಉತ್ತರಿಸಿ. ನೆಂಟರ ಮುಂದೆ ‘ಪದ್ಯ ಹೇಳು ಪುಟ್ಟಾ’ ಎಂದು ನಿಲ್ಲಿಸುವುದನ್ನಂತೂ ಬಿಡಿ.

ಶಾಲೆಯಲ್ಲಿ ಹಾಜರಿಗೆ ಕೈ ಎತ್ತಿದರೂ ಸಾಕು ಎಂದು ಎಲ್ಲರಿಗೂ ಅವಕಾಶ ಕೊಡಬಹುದು. ಸಾಲಾಗಿ ಓದಿಸಿದರೆ ತನ್ನ ಸರದಿ ಹತ್ತಿರವಾದಷ್ಟೂ ಉಗ್ಗುವ ಮಗು ಪಾಠ ಕೇಳುವುದನ್ನು ನಿಲ್ಲಿಸಿ ತನ್ನ ಸಾಲನ್ನೇ ಎಣಿಸುತ್ತಿರುತ್ತದೆ. ಮೊದಲೇ ಓದಿಸಿದರೆ, ಅಥವಾ ಪಕ್ಕದವರೊಂದಿಗೆ ಜೊತೆಯಾಗಿ ಓದಿಸಿದರೆ ಈ ಹಿಂಸೆ ತಪ್ಪುತ್ತದೆ. ಆದರೆ ಕನಿಕರದಿಂದ ಪ್ರಶ್ನೆಯನ್ನೇ ಕೇಳದಿರುವುದೂ ಸರಿಯಲ್ಲ. ಯಾವುದು ಬೇಕೆಂದು ಮಗುವನ್ನೇ ಒಂಟಿಯಾಗಿ ಕರೆದು ಕೇಳಿ.

ತಜ್ಞರ ಬಳಿ ಹೋಗುವುದು ಯಾವಾಗ? ಉಗ್ಗು ಆರು ತಿಂಗಳು ದಾಟಿದರೆ, ಕುಟುಂಬದಲ್ಲಿ ದೊಡ್ಡವರಾದ ಮೇಲೂ ಉಗ್ಗು ಉಳಿದವರಿದ್ದರೆ, ಮಗು ಕಣ್ಣು ಬಿಗಿಯುವುದು, ಕುತ್ತಿಗೆ ಸೆಟೆಯುವುದು ಕಂಡರೆ, ಪದ ಬದಲಿಸಿ ತಪ್ಪಿಸಿಕೊಳ್ಳುತ್ತಿದ್ದರೆ ಕಾಯಬೇಡಿ. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಉಳಿಯುವುದು ಹೆಚ್ಚು. ತೊದಲಿನ ಮಾತಾದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದ ಧ್ವನಿಯನ್ನು ಮಗು ಆಡುವುದಾದರೂ ಹೇಗೆ? ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆ ಆಸ್ಟ್ರೇಲಿಯಾದಲ್ಲಿ ರೂಪಿಸಿದ ಲಿಡ್‌ಕೋಂಬ್ ಎಂಬ ಕ್ರಮ ಪ್ರಯೋಗಗಳಲ್ಲಿ ಫಲ ಕೊಟ್ಟಿದೆ. ಅದರಲ್ಲಿ ತಜ್ಞರು ಕಲಿಸಿಕೊಟ್ಟಂತೆ ಅಪ್ಪ ಅಮ್ಮನೇ ದಿನಕ್ಕೆ ಸ್ವಲ್ಪ ಹೊತ್ತು ಆಟದ ನಡುವೆ ಸಲೀಸಾದ ಮಾತನ್ನು ಮೆಚ್ಚುತ್ತಾರೆ. ದೊಡ್ಡ ಮಕ್ಕಳಲ್ಲಿ ಗುರಿ ಬೇರೆ: ಸಿಕ್ಕಿಕೊಂಡಾಗ ಬಿಗಿ ಸಡಿಲಿಸುವುದು, ಉಗ್ಗುತ್ತಲೇ ಆದರೂ ಹೇಳಬೇಕಾದ್ದನ್ನು ಹೇಳುವುದು. ‘ಏಳು ದಿನದಲ್ಲಿ ಸಂಪೂರ್ಣ ಗುಣ’ ಎನ್ನುವ ಜಾಹೀರಾತುಗಳಿಂದ ದೂರವಿರಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸದಲ್ಲಿದೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆ ಮಾಡುವಾಗಲೂ ವಿಷಯ ಹೇಳಬಹುದು. ಅಗತ್ಯವಿದ್ದರೆ ಅವರು ಮುಂದಿನ ಚಿಕಿತ್ಸೆಗೆ ಕಳಿಸುತ್ತಾರೆ. ತಜ್ಞರ ಬಳಿ ಹೋಗುವ ಮುನ್ನ ಮನೆಯಲ್ಲಿ ಮಗು ಆಡುತ್ತಾ ಮಾತಾಡಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಉಗ್ಗು ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಹೋದ ದಿನವೇ ಮಗು ಅರಳು ಹುರಿದಂತೆ ಮಾತಾಡಿಬಿಡಬಹುದು.