ಡಚ್ ಸಮಸ್ತಪದಗಳಲ್ಲಿ ಅಕ್ಷರವಿಭಜನೆ ಮತ್ತು ಸ್ವರಾಘಾತ

ಹತ್ತೊಂಬತ್ತನೆಯ ಶತಮಾನದಲ್ಲಿ ಡಚ್ ಭಾಷೆಯ ಬೃಹತ್ ನಿಘಂಟನ್ನು ರಚಿಸಲು ಹೊರಟ ವಿದ್ವಾಂಸರಿಗೆ ಮೊದಲು ಎದುರಾದುದು ಕಾಗುಣಿತದ ಸಮಸ್ಯೆ. ಮತ್ತಿಯಾಸ್ ಡೆ ವ್ರೀಸ್ ಮತ್ತು ಟೆ ವಿಂಕೆಲ್ 1863ರಲ್ಲಿ ಮಂಡಿಸಿದ ಪದ್ಧತಿಯನ್ನು ಬೆಲ್ಜಿಯಂ 1864ರಲ್ಲಿ, ನೆದರ್ಲೆಂಡ್ಸ್ ಸರ್ಕಾರ 1883ರಲ್ಲಿ ಅಂಗೀಕರಿಸಿದವು. ಉಚ್ಚಾರಣೆಯಷ್ಟೇ ಅಲ್ಲ, ಪದದ ರೂಪಸಾಮ್ಯವೂ ಬರಹದಲ್ಲಿ ಉಳಿಯಬೇಕೆಂಬುದು ಆ ಪದ್ಧತಿಯ ತಿರುಳು.

ಸಮಸ್ತಪದಗಳಲ್ಲಿ ಈ ತತ್ತ್ವ ಸ್ಪಷ್ಟವಾಗಿ ಕಾಣುತ್ತದೆ. ಸಂಜೆ ಎಂಬರ್ಥದ 'ಆವೊಂಡ್' ಪದದ ಕೊನೆಯ 'ಡ'ಕಾರವು ಉಚ್ಚಾರಣೆಯಲ್ಲಿ 'ಟ'ಕಾರವಾಗುತ್ತದೆ. ಬಹುವಚನ 'ಆವೊಂಡೆನ್' ಎಂಬಲ್ಲಿ ಅದೇ ವ್ಯಂಜನ ಮುಂದಿನ ಅಕ್ಷರಕ್ಕೆ ಸೇರಿ 'ಡ'ಕಾರವಾಗಿಯೇ ಉಳಿಯುತ್ತದೆ. ಆದರೆ ರಾತ್ರಿಯೂಟವನ್ನು ಸೂಚಿಸುವ 'ಆವೊಂಡ್-ಏಟೆನ್' ಸಮಾಸದಲ್ಲಿ ಮುಂದೆ ಸ್ವರವಿದ್ದರೂ 'ಟ'ಕಾರವೇ ಕೇಳಿಸುತ್ತದೆ. ಪದಗಳ ಗಡಿ ಅಲ್ಲಿ ಅಳಿಯುವುದಿಲ್ಲ. ಸಾಲಿನ ಕೊನೆಯಲ್ಲಿ ಪದವನ್ನು ಒಡೆಯುವಾಗಲೂ ಆ ಗಡಿಯೇ ಪ್ರಮಾಣ. 'ಮಳೆ'ಯೂ 'ಕಾಲ'ವೂ ಕೂಡಿ 'ಮಳೆಗಾಲ'ವಾಗುವ ಕನ್ನಡದಲ್ಲಿ ಉತ್ತರಪದದ ಆದಿವ್ಯಂಜನ ಬದಲಾಗಿ ಸಮಾಸವನ್ನು ಸೂಚಿಸಿದರೆ, ಇಲ್ಲಿ ಪೂರ್ವಪದದ ಅಂತ್ಯವೇ ಅದಕ್ಕೆ ಸಾಕ್ಷಿ.

ಗಡಿ ಜರುಗಿದರೆ ಅರ್ಥವೂ ಜರುಗುತ್ತದೆ. 'ವಲ್ಕೌಲ್' ಎಂಬುದನ್ನು 'ವಲ್-ಕೌಲ್' ಎಂದು ಒಡೆದರೆ ಬೀಳಿಸುವ ಗುಂಡಿ. 'ವಲ್ಕ್-ಔಲ್' ಎಂದರೆ ಡೇಗೆ ಮತ್ತು ಗೂಬೆ ಕೂಡಿದ ವಿಚಿತ್ರ ಪಕ್ಷಿ. ಕೆಲವೆಡೆ ವಿಭಜನೆಯೂ ನೆರವಾಗದು. ಅಂಗಮರ್ದನದ ಹಾಸಿಗೆ ಮತ್ತು ಸಾಮೂಹಿಕ ಪ್ರಾರ್ಥನೆ ಎಂಬ ಎರಡು ಅರ್ಥಗಳಿಗೂ ಸಲ್ಲುವ ಒಂದೇ ಲಿಖಿತರೂಪವಿದೆ. ಕಾಗದದ ಮೇಲೆ ಅದರ ಅಕ್ಷರವಿಭಜನೆಯೂ ಒಂದೇ. ಮೊದಲನೆಯದರಲ್ಲಿ ಆಘಾತ ಎರಡನೆಯ ಅಕ್ಷರದ ಮೇಲೆ, ಎರಡನೆಯದರಲ್ಲಿ ಮೊದಲ ಅಕ್ಷರದ ಮೇಲೆ. 'ವೋರ್‌ಕೋಮೆನ್' ಎಂಬ ಕ್ರಿಯಾಪದವೂ ಹಾಗೆಯೇ: ಆಘಾತ ಮೊದಲಲ್ಲಿದ್ದರೆ 'ಸಂಭವಿಸು', ನಡುವೆ ಇದ್ದರೆ 'ತಡೆಗಟ್ಟು'. ಸಾಮಾನ್ಯವಾಗಿ ಡಚ್ ಸಮಾಸದಲ್ಲಿ ಪ್ರಧಾನ ಆಘಾತ ಪೂರ್ವಪದಕ್ಕೆ ಸಲ್ಲುತ್ತದೆ. ಪುರಭವನವೆಂಬರ್ಥದ 'ಸ್ಟಾಟ್‌ಹೌಸ್' ಅಪವಾದ.

ಇಪ್ಪತ್ತನೆಯ ಶತಮಾನದಲ್ಲಿ ವಿವಾದವು ಪದಗಳ ನಡುವಣ ಒಂದು 'ನ'ಕಾರಕ್ಕೆ ಬಂದು ನಿಂತಿತು. 1954ರ ನಿಯಮ ಪೂರ್ವಪದದ ಅರ್ಥದಲ್ಲಿ ಬಹುತ್ವವಿದೆಯೇ ಎಂದು ಕೇಳುತ್ತಿತ್ತು. ಒಂದೇ ಬಾಣಲೆಯಲ್ಲಿ ಬೇಯುವ 'ಪನ್ನೆಕೂಕ್' ದೋಸೆಗೆ 'ನ'ಕಾರ ಬೇಕಿರಲಿಲ್ಲ. 1995ರ ಸುಧಾರಣೆ ಅರ್ಥವನ್ನು ಬಿಟ್ಟು ಬಹುವಚನದ ರೂಪವನ್ನು ಆಧಾರವಾಗಿಸಿತು, 'ಪನ್ನೆನ್‌ಕೂಕ್' ಹುಟ್ಟಿತು. ಅನೇಕರ ನಾಲಿಗೆಯಲ್ಲಿ ಆ 'ನ'ಕಾರ ಇಂದಿಗೂ ಇಲ್ಲ. ಅಸಮಾಧಾನದ ಫಲವಾಗಿ 2006ರಲ್ಲಿ ಪರ್ಯಾಯ ಕಾಗುಣಿತದ 'ಬಿಳಿಯ ಪುಸ್ತಕ'ವೇ ಹೊರಬಂದಿತು. ಹಲವು ಪತ್ರಿಕೆಗಳು ಅದನ್ನು ಅನುಸರಿಸಿದವು.

ರೂಪಸಾಮ್ಯವನ್ನು ಕಾಯಲು ಹೊರಟ ಬರಹವು ಕಿವಿಯ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ಕಡೆಗಣಿಸಬಹುದು ಎಂಬುದೇ ಈ ಇತಿಹಾಸ ಉಳಿಸಿರುವ ಪ್ರಶ್ನೆ.