ಕಾಡುಮರದ ಪೀಠಗಳ ಪೂರ್ವೋತ್ತರ

ಕೊಂಬೆಯ ಡೊಂಕನ್ನೂ ಮೇಲಿನ ತೊಗಟೆಯನ್ನೂ ಹಾಗೆಯೇ ಉಳಿಸಿಕೊಂಡು ಮಾಡುವ ಕುರ್ಚಿ ಮೇಜುಗಳಿಗೆ ಪಾಶ್ಚಾತ್ಯರು ‘ರಸ್ಟಿಕ್’ ಎಂದು ಹೆಸರಿಟ್ಟಿದ್ದಾರೆ. ಹಳ್ಳಿಗಾಡಿನದು ಎಂದು ಅದರ ಅರ್ಥ. ಆದರೆ ಅವುಗಳನ್ನು ಬಯಸಿ ಮಾಡಿಸಿಕೊಂಡವರು ಹಳ್ಳಿಗರಲ್ಲ. ಹಳ್ಳಿಯವನಿಗೆ ಅನುಕೂಲ ಒದಗಿದಾಗ ಅವನು ಬಯಸುವುದು ನುಣುಪಾದ ಹಲಗೆಯ ಕುರ್ಚಿಯನ್ನೇ. ಕುಮಾರಸಂಭವದಲ್ಲಿ ರತ್ನಗಳಿಗೆಲ್ಲ ಒಡೆಯನಾದ ಹಿಮವಂತನು ಸಪ್ತರ್ಷಿಗಳನ್ನು ವೇತ್ರಾಸನಗಳ ಮೇಲೆ ಕುಳ್ಳಿರಿಸುತ್ತಾನೆ. ಅಲ್ಲಿ ಬೆತ್ತದ ಪೀಠವು ಅತಿಥಿಗಳ ವೃತ್ತಿಗೆ ತಕ್ಕುದಾಗಿತ್ತು. ಇಂಗ್ಲೆಂಡಿನ ಧನಿಕರ ವಿಷಯದಲ್ಲಿ ಹಾಗೆ ಹೇಳುವುದು ಕಷ್ಟ.

ಚೀನಾದೇಶದ ಚಿತ್ರಗಳಲ್ಲಿ ಅರ್ಹಂತರು ಮರದ ಬೇರುಗಳಿಂದ ಹೆಣೆದ ಆಸನಗಳ ಮೇಲೆ ಕುಳಿತಿರುವುದನ್ನು ಕಾಣಬಹುದು. ಚೀನೀ ಮಾದರಿಗಳ ಮೇಲೆ ಇಂಗ್ಲೆಂಡಿನಲ್ಲಿ ಹುಚ್ಚು ಹರಡಿದ್ದ ಕಾಲದಲ್ಲಿಯೇ, ಎಂದರೆ 1765ರಲ್ಲಿ, ರಾಬರ್ಟ್ ಮ್ಯಾನ್ವೇರಿಂಗ್ ಎಂಬವನು ತನ್ನ ಮಾದರಿಪುಸ್ತಕದಲ್ಲಿ ತೋಟಕ್ಕೆ ಒಪ್ಪುವ ಕೊಂಬೆಯ ಪೀಠಗಳ ಚಿತ್ರಗಳನ್ನು ಅಚ್ಚುಹಾಕಿಸಿದನು. ಮುಂದಿನ ಶತಮಾನದಲ್ಲಿ ಈ ಅಭಿರುಚಿಯು ವಿಕಾರಕ್ಕೂ ತಿರುಗಿತು: ಎರಕದ ಕಬ್ಬಿಣವನ್ನೇ ಗಂಟುಗಂಟಾದ ರೆಂಬೆಗಳಂತೆ ಹೊಯ್ದು ಬೆಂಚುಗಳನ್ನು ಮಾರಿದರು.

ಈ ಕಲೆಯು ನಿಜವಾಗಿ ನೆಲೆಗೊಂಡದ್ದು ಅಮೇರಿಕಾದ ನ್ಯೂಯಾರ್ಕ್ ಸಂಸ್ಥಾನದ ಉತ್ತರಕ್ಕಿರುವ ಆಡಿರಾಂಡಾಕ್ ಪರ್ವತಪ್ರಾಂತದಲ್ಲಿ. 1869ರಲ್ಲಿ ವಿಲಿಯಂ ಮರೆ ಎಂಬ ಪಾದ್ರಿಯು ಆ ಕಾಡುಗಳನ್ನು ಹೊಗಳಿ ಬರೆದ ಪುಸ್ತಕವನ್ನೋದಿ ಪಟ್ಟಣಿಗರು ಗುಂಪುಗುಂಪಾಗಿ ಅಲ್ಲಿಗೆ ಹೊರಟರು. ರೈಲ್ವೆ ವ್ಯವಹಾರದಲ್ಲಿ ಹಣಗಳಿಸಿದ್ದ ಥಾಮಸ್ ಡ್ಯುರಾಂಟನ ಮಗನಾದ ವಿಲಿಯಂ ವೆಸ್ಟ್ ಡ್ಯುರಾಂಟನು 1877ರ ಸುಮಾರಿಗೆ ರಾಕೆಟ್ ಸರೋವರದ ದಡದಲ್ಲಿ ‘ಪೈನ್ ನಾಟ್’ ಎಂಬ ವನಗೃಹವನ್ನು ಕಟ್ಟಿಸತೊಡಗಿದನು. ಇಡೀ ದಿಮ್ಮಿಗಳ ಗೋಡೆ, ತೊಗಟೆ ಬಿಡಿಸದ ಕಂಬ, ಒಳಗೆ ಅದೇ ಬಗೆಯ ಮಂಚ ಮೇಜುಗಳು. ಅವನು ಅನಂತರ ಕಟ್ಟಿಸಿದ ಸಾಗಮೋರ್ ಎಂಬುದನ್ನು 1901ರಲ್ಲಿ ವ್ಯಾಂಡರ್ಬಿಲ್ಟ್ ಮನೆತನದವನು ಕೊಂಡುಕೊಂಡನು. ಡ್ಯುರಾಂಟನಾದರೋ ಕಡೆಗೆ ತನ್ನ ಸಿರಿಯನ್ನೆಲ್ಲ ಕಳೆದುಕೊಂಡನು.

ಆದರೆ ಆ ಮಂಚ ಮೇಜುಗಳನ್ನು ಮಾಡಿದ ಕೈಗಳು ಬೇರೆ. ಬೇಸಿಗೆಯಲ್ಲಿ ಬೇಟೆಗೂ ಮೀನುಹಿಡಿಯುವುದಕ್ಕೂ ದಾರಿತೋರುತ್ತಿದ್ದ ಅಲ್ಲಿಯ ಜನರೇ, ಯಜಮಾನರು ಪಟ್ಟಣಕ್ಕೆ ಮರಳಿದ ಮೇಲೆ, ಹಿಮ ಬಿದ್ದ ದೀರ್ಘಮಾಸಗಳಲ್ಲಿ ಮನೆಗಳನ್ನು ಕಾಯುತ್ತ ಕೈಗೆ ಸಿಕ್ಕ ಮರದಿಂದ ಅವುಗಳನ್ನು ರಚಿಸಿದರು. ಅವರಲ್ಲಿ ಹೆಚ್ಚು ಮಂದಿಯ ಹೆಸರು ಉಳಿಯಲಿಲ್ಲ. ಬರ್ಚ್ ಮರದ ಬಿಳಿಯ ತೊಗಟೆಯನ್ನು ಸುಲಿದು ಕಪಾಟಿನ ಮೈಗೆ ಹೊದಿಸಿ, ಅಂಚಿಗೆ ಹಳದಿ ಬರ್ಚಿನ ಕಡ್ಡಿಗಳನ್ನು ಕೂಡಿಸುತ್ತಿದ್ದ ಅರ್ನೆಸ್ಟ್ ಸ್ಟೋನಂಥವರು ವಿರಳ. ಈ ಬರ್ಚ್ ಎಂಬುದು ಸಂಸ್ಕೃತದ ಭೂರ್ಜವೇ. ಎರಡು ಶಬ್ದಗಳೂ ಒಂದೇ ಮೂಲದವು, ಮರಗಳೂ ಒಂದೇ ಕುಲದವು. ಕಾಶ್ಮೀರದ ಪಂಡಿತರು ಗ್ರಂಥ ಬರೆದ ತೊಗಟೆಯ ಬಂಧುವು ಅಮೇರಿಕಾದಲ್ಲಿ ಲಕ್ಷಾಧೀಶರ ಕಪಾಟನ್ನು ಅಲಂಕರಿಸಿದ್ದು ಸೋಜಿಗವೇ ಸರಿ.

ಇಂಡಿಯಾನಾ ಸಂಸ್ಥಾನದ ಮಾರ್ಟಿನ್ಸ್‌ವಿಲ್ ಊರಿನಲ್ಲಿ ಹಿಕರಿ ಎಂಬ ಮರದಿಂದ ಇಂತಹ ಕುರ್ಚಿಗಳನ್ನು ಕಾರ್ಖಾನೆಯಲ್ಲಿಯೇ ಮಾಡತೊಡಗಿದರು. ಅಲ್ಲಿಯ ಕ್ರಮವನ್ನು ತಿಳಿದರೆ ಕೊಳ್ಳುವವನಿಗೆ ಒಳ್ಳೆಯದು ಯಾವುದೆಂಬುದೂ ತಿಳಿಯುತ್ತದೆ. ಎಳೆಯ ಗಿಡಗಳನ್ನು ಚಳಿಗಾಲದಲ್ಲಿ, ರಸವು ಇಳಿದಿರುವಾಗ ಕಡಿಯಬೇಕು. ಆಗ ತೊಗಟೆಯು ಮರವನ್ನು ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಆಸನವನ್ನು ಹೆಣೆಯುವ ಒಳತೊಗಟೆಯ ಪಟ್ಟಿಗಳನ್ನಾದರೋ ರಸವೇರಿದ ಕಾಲದಲ್ಲಿಯೇ ಸುಲಿಯಬೇಕು. ಕಾಲು ತಪ್ಪಿ ಕಡಿದ ಮರದ ತೊಗಟೆ ಕೆಲವು ವರ್ಷಗಳಲ್ಲಿಯೇ ಕಳಚಿ ಬೀಳುತ್ತದೆ. ಮೊಳೆಯಿಂದ ಮಾತ್ರ ಕೂಡಿಸಿದ್ದು ಅಲುಗಾಡುತ್ತದೆ. ಅಡ್ಡಕೋಲಿನ ತುದಿಯನ್ನು ಕೆತ್ತಿ ಕಾಲಿನ ತೂತಿಗೆ ಬಿಗಿಯಾಗಿ ಸೇರಿಸಿದ್ದು ನಿಲ್ಲುತ್ತದೆ. ತೊಗಟೆಯ ಸಂದಿಯಲ್ಲಿ ನೀರೂ ಹುಳುವೂ ಸೇರುವುದರಿಂದ ಇಂತಹವು ಮನೆಯೊಳಕ್ಕೂ ಜಗಲಿಗೂ ತಕ್ಕವು, ತೆರೆದ ತೋಟಕ್ಕಲ್ಲ.

ತೋಟಕ್ಕೆ ಒದಗಿದ್ದು ಬೇರೊಂದು ಪೀಠ. 1903ರಲ್ಲಿ ಶಾಂಪ್ಲೇನ್ ಸರೋವರದ ತೀರದ ವೆಸ್ಟ್‌ಪೋರ್ಟಿನಲ್ಲಿ ಬೇಸಿಗೆ ಕಳೆಯುತ್ತಿದ್ದ ಥಾಮಸ್ ಲೀ ಎಂಬವನು ಬಯಲಿನಲ್ಲಿ ಕೂರಲು ಕುರ್ಚಿ ಸಾಲದೆ, ತೊಗಟೆಯ ಗೋಜಿಲ್ಲದ ಬರಿಯ ಹಲಗೆಗಳಿಂದ ಒಂದನ್ನು ತಾನೇ ಹೊಂದಿಸಿದನು. ಬೆನ್ನು ಹಿಂದಕ್ಕೆ ಓರೆ, ಆಸನವು ಹಿಂದಕ್ಕೆ ಇಳಿಜಾರು, ಲೋಟವನ್ನಿಡುವಷ್ಟು ಅಗಲವಾದ ಕೈಗಳು. ಮನೆಯವರನ್ನೆಲ್ಲ ಕುಳ್ಳಿರಿಸಿ ಪರೀಕ್ಷಿಸಿದನೆಂದು ಹೇಳುತ್ತಾರೆ. ಚಳಿಗಾಲದಲ್ಲಿ ಸಂಪಾದನೆಯಿಲ್ಲದೆ ಇದ್ದ ಬಡಗಿ ಹ್ಯಾರಿ ಬನೆಲ್ ಎಂಬ ಸ್ನೇಹಿತನಿಗೆ ಆ ಮಾದರಿಯನ್ನು ಕೊಟ್ಟನು. ಬನೆಲ್ಲನು ಲೀಗೆ ತಿಳಿಸದೆಯೇ 1904ರಲ್ಲಿ ಅರ್ಜಿ ಹಾಕಿ, 1905ರ ಜುಲೈನಲ್ಲಿ ತನ್ನ ಹೆಸರಿಗೇ ಪೇಟೆಂಟು ಪಡೆದನೆಂಬುದು ಪ್ರಸಿದ್ಧವಾದ ಕಥೆ. ರೋಗಿಗಳಿಗೂ ಒದಗುವಂತೆ ಕುರ್ಚಿಯನ್ನು ಮಾರ್ಪಡಿಸಬಹುದೆಂದು ಆ ಪತ್ರದಲ್ಲಿದೆ. ಅದೇ ಪ್ರಾಂತದ ಸಾರನಾಕ್ ಸರೋವರದ ಬಳಿ ಡಾಕ್ಟರ್ ಟ್ರೂಡೊ ಸ್ಥಾಪಿಸಿದ್ದ ಆರೋಗ್ಯಧಾಮದಲ್ಲಿ ಕ್ಷಯರೋಗಿಗಳನ್ನು ಬಯಲು ಗಾಳಿಯಲ್ಲಿ ಒರಗಿಸಿ ಚಿಕಿತ್ಸೆ ಮಾಡುತ್ತಿದ್ದುದನ್ನು ನೆನೆದರೆ ಈ ಮಾತಿನ ಬೆಲೆ ತಿಳಿಯುತ್ತದೆ.

ಲೀಯು ವ್ಯಾಜ್ಯ ಹೂಡಿದಂತೆ ಕಾಣುವುದಿಲ್ಲ. ಉಳ್ಳವನ ವಿನೋದವು ಇಲ್ಲದವನ ಜೀವನವಾಯಿತೆಂದು ಬನೆಲ್ಲನ ಪರವಾಗಿ ಹೇಳಬಹುದು. ಕೇಳದೆ ತೆಗೆದುಕೊಂಡದ್ದನ್ನು ಮಾತ್ರ ಹಾಗೆಂದು ಮುಚ್ಚಲಾಗದು. ಅವನು ಸುಮಾರು ಇಪ್ಪತ್ತು ವರ್ಷ ಆ ಕುರ್ಚಿಗಳನ್ನು ಮಾಡಿ ಮಾರಿದನು. ಅಗಲ ಹಲಗೆಗಳಿಗೆ ಬದಲು ಕಿರಿದಾದ ಪಟ್ಟಿಗಳನ್ನು ಬೀಸಣಿಗೆಯಂತೆ ಹರಡಿದ ಬೆನ್ನಿನ ಕುರ್ಚಿಗೆ 1938ರಲ್ಲಿ ಅರ್ವಿಂಗ್ ವೋಲ್ಪಿನ್ ಎಂಬವನು ಪೇಟೆಂಟು ಪಡೆದನು. ಇಂದು ‘ಆಡಿರಾಂಡಾಕ್ ಕುರ್ಚಿ’ ಎಂದು ಮಾರುವುದು ಬಹುಮಟ್ಟಿಗೆ ಈ ಎರಡನೆಯ ಬಗೆ. ಅದನ್ನು ಪ್ಲಾಸ್ಟಿಕ್ಕಿನಲ್ಲಿಯೂ ಹೊಯ್ಯುತ್ತಾರೆ.